ಹೊಸಬನ ಕೈಯ ಪೊರಕೆ

ಗರಡಿ ಮಣ್ಣಿನ ವಾಸನೆ ನನಗೆ ಅಪ್ಪನ ಉಗುರುಗಳಿಂದ ಗೊತ್ತು. ಹಲಸೂರು ಕೆರೆಯಂಚಿನ ಕೆಮ್ಮಣ್ಣು ಅಗೆದು, ಹೊತ್ತು ತಂದು, ಎಳ್ಳೆಣ್ಣೆ, ಅರಿಸಿನ, ಕರ್ಪೂರ, ನಿಂಬೆರಸ ಬೆರೆಸಿ ಕಾಲಿನಿಂದ ತುಳಿದು ಹದ ಮಾಡುತ್ತಿದ್ದವನು ಅವನು. ಅಖಾಡಕ್ಕೆ ಪೂಜೆಯಾದ ಮೇಲೆ ಅದೇ ಮಣ್ಣನ್ನು ಅವನು ಮೆಟ್ಟುವಂತಿರಲಿಲ್ಲ. ರಾತ್ರಿ ನನಗೆ ಅವನು ಕೊಡುತ್ತಿದ್ದ ತುತ್ತಿಗೂ ಆ ವಾಸನೆ ಅಂಟಿರುತ್ತಿತ್ತು.

ಅದು ಮತ್ತೆ ಮೂಗಿಗೆ ಬಡಿದದ್ದು ತೊಂಬತ್ನಾಲ್ಕರಲ್ಲಿ, ಶಿವಾಜಿನಗರದ ಶಾಲೆಯಿಂದ ನಾನು ನಿವೃತ್ತಳಾದ ವರ್ಷ.

"ಅಲ್ಲೇ ನಿಂತ್ಕೊ ಟೀಚರಮ್ಮ. ಹೊಸ್ತಿಲು ದಾಟ್ಬೇಡ."

ಹೇಳಿದವನು ಗರಡಿಯ ಉಸ್ತಾದ್ ಚಿಕ್ಕವೆಂಕಟಪ್ಪ. ಬರಬೇಕೆಂದು ಹೇಳಿಕಳಿಸಿದ್ದವನೂ ಅವನೇ. ಇಂಗ್ಲಿಷ್ ಬಲ್ಲವರು ಬೇಕಾಗಿತ್ತು.

"ಆ ಜಪಾನಿನೋನ ಜಾತಿ ಯಾವ್ದು, ಕೇಳಿ ಹೇಳು."

ಸೆಗಾವಾ ಎಂಬ ಆ ಹುಡುಗನಿಗೆ ಇಪ್ಪತ್ತೆರಡಿರಬಹುದು. ಅವನ ದೇಶದಲ್ಲಿ ಕುಸ್ತಿಯನ್ನೇ ಕಸುಬು ಮಾಡಿಕೊಂಡವರು ಹೊಸಬರನ್ನು ಹೊರದೇಶಕ್ಕೆ ಕಳಿಸುತ್ತಾರಂತೆ, ಪಳಗಿ ಬರಲಿ ಎಂದು. ಮಣ್ಣಿನ ಕುಸ್ತಿಯ ಪಟ್ಟು ಕಲಿಯಲೆಂದು ಇವನನ್ನು ಇಲ್ಲಿಗೆ ಕಳಿಸಿದ್ದರು. ಚಿಕ್ಕವೆಂಕಟಪ್ಪನ ಲೆಕ್ಕ ಬೇರೆಯಿತ್ತು. ಭಾನುವಾರ ಸಂಜೆ ಶಿವಾಜಿನಗರದ ಮೈದಾನದಲ್ಲಿ ತನ್ನ ಮಗ ಮುತ್ತುರಾಜನಿಗೂ ಇವನಿಗೂ ಕುಸ್ತಿ. ಬಸ್‌ ನಿಲ್ದಾಣದ ಗೋಡೆಗಳ ಮೇಲೆ ಸೆಗಾವಾ ಆಗಲೇ 'ಜಪಾನಿನ ರಾಕ್ಷಸ'ನಾಗಿ ಹಲ್ಲು ಕಿರಿಯುತ್ತಿದ್ದ. ಯಾರು ಗೆಲ್ಲಬೇಕೆಂಬುದು ಪೋಸ್ಟರು ಅಚ್ಚಾಗುವ ಮೊದಲೇ ತೀರ್ಮಾನವಾಗಿತ್ತು.

ಎಡವಟ್ಟಾದದ್ದು ಅವನು ಬಂದಿಳಿದ ಬೆಳಿಗ್ಗೆಯೇ. ನನ್ನ ಚಿಕ್ಕಮ್ಮನ ಮಗಳು ಪಟಾಲಮ್ಮ ಅಂಗಳ ಗುಡಿಸುತ್ತಿದ್ದಳು. ಅವನು ಸೊಂಟದವರೆಗೆ ಬಾಗಿ ನಮಸ್ಕರಿಸಿ, ಅವಳ ಕೈಯಿಂದ ಪೊರಕೆ ತೆಗೆದುಕೊಂಡು ತಾನೇ ಗುಡಿಸಿದ. ಮೋರಿ ತೊಳೆದ. ಎಲ್ಲರ ಲಂಗೋಟಿ ಒಗೆದು ಹರವಿದ. ಎಲ್ಲರೂ ಉಂಡ ಮೇಲೆ ಉಂಡ. ಗರಡಿಯವರು ಮೂರು ದಿನ ಬಾಯಿ ಬಿಟ್ಟುಕೊಂಡು ನೋಡಿ ಒಂದು ತೀರ್ಮಾನಕ್ಕೆ ಬಂದರು.

"ಬೋಳಿಮಗ ಬಂದ್ ದಿವ್ಸಾನೇ ಪೊರಕೆ ಹಿಡ್ದ," ಎಂದ ಚಿಕ್ಕವೆಂಕಟಪ್ಪ. "ಜಪಾನಲ್ಲೂ ನಿಮ್ಮೋರು ಅವ್ರೆ ಅಂತ ನಂಗೇನ್ ಗೊತ್ತು?"

ಒಳಗೆ ಮೈಗೆ ಎಣ್ಣೆ ಬಳಿದುಕೊಳ್ಳುತ್ತಿದ್ದ ಮುತ್ತುರಾಜ ಕೂಗಿದ: "ನಾನಂತೂ ಅವ್ನ ಮೈ ಹಿಡಿಯಲ್ಲ ಕಣಪ್ಪ. ಹಿಡುದ್ರೆ ಆಮೇಲೆ ನನ್ನ ಯಾವನು ಹಿಡೀತಾನೆ?"

ಆ ಮೂರು ದಿನದ ಮೇಲೆ ಸೆಗಾವಾನೊಡನೆ ಯಾರೂ ಕೈ ಮಿಲಾಯಿಸಿರಲಿಲ್ಲ. ಅಖಾಡಕ್ಕೆ ಇಳಿಯಬೇಡವೆಂದು ಸನ್ನೆ ಮಾಡಿ ತಳ್ಳಿದ್ದರು. ಊಟ ಹಿತ್ತಲ ಮೋರಿಯ ಪಕ್ಕ, ಪಟಾಲಮ್ಮನ ಅಲ್ಯುಮಿನಿಯಂ ತಟ್ಟೆಗೆ ಜೋಡಿಯಾಗಿ ಇನ್ನೊಂದರಲ್ಲಿ. ಯಾವ ಮಣ್ಣಿಗಾಗಿ ಸಮುದ್ರ ದಾಟಿ ಬಂದಿದ್ದನೋ ಅದನ್ನು ಅವನು ಕಿಟಕಿಯಿಂದ ನೋಡುತ್ತಿದ್ದ.

ಈಗ ನಾನು ಅವನಿಗೆ ಹೇಳಬೇಕಾದದ್ದು ಇಷ್ಟು. ಪೊರಕೆ ಬಿಟ್ಟರೆ, ತಾನು ಅಂಥವನಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡರೆ, ಗಂಜಲ ಚಿಮುಕಿಸಿ ನಾಳೆಯಿಂದಲೇ ಅಖಾಡಕ್ಕೆ ಬಿಡುತ್ತಾರೆ. ಇಲ್ಲದಿದ್ದರೆ ಇವನು ಕೆಲಸಕ್ಕೆ ಬಾರದವನೆಂದು ಅವನ ಗುರುವಿಗೆ ತಿಳಿಸುತ್ತಾರೆ. ಅಲ್ಲಿಗೆ ಅವನ ಕಸುಬು ಮುಗಿಯಿತು.

ಓಣಿ ಬಳಸಿ ಹಿತ್ತಲಿಗೆ ಹೋದೆ. ನನ್ನ ಮಂಡಿ ನೋವು ಅವನಿಗೆ ಹೇಗೆ ತಿಳಿಯಿತೋ, ಒಂದು ಗೋಣಿಚೀಲ ಮಡಚಿ ಮೆಟ್ಟಿಲ ಮೇಲೆ ಹಾಕಿದ. ಪಟಾಲಮ್ಮನೂ ಸೇರಿ ಮೂವರೂ ಕೂತೆವು. ನಾನು ಎಲ್ಲವನ್ನೂ ಹೇಳಿದೆ. ಜಾತಿ ಎಂಬುದಕ್ಕೆ ಅವನ ಬಳಿಯಿದ್ದ ಇಂಗ್ಲಿಷಿನಲ್ಲಿ ಮಾತೇ ಇರಲಿಲ್ಲ. ಹೊಸಬನೇ ಗುಡಿಸಬೇಕು, ಅದೇ ಪದ್ಧತಿ, ತಾನು ಹೊಸಬ, ಎಂದ. ತನಗಿಂತ ಹೊಸಬ ಬಂದ ದಿನ ಅವನ ಕೈಗೆ ಪೊರಕೆ ಕೊಡುವುದು. ಊರಲ್ಲೂ ಹಾಗೆಯೇ ಕೊಟ್ಟು ಬಂದಿದ್ದನಂತೆ.

ಆಮೇಲೆ ಪಟಾಲಮ್ಮನ ಕಡೆ ತಿರುಗಿ, ಇವರು ಎಷ್ಟು ಕಾಲದಿಂದ ಗುಡಿಸುತ್ತಿದ್ದಾರೆ ಎಂದು ಕೇಳಿದ. ಇಪ್ಪತ್ತು ವರ್ಷ ದಾಟಿತು ಎಂದೆ. ಇಷ್ಟು ವರ್ಷದಲ್ಲಿ ಇವರಿಗಿಂತ ಹೊಸಬರು ಒಬ್ಬರೂ ಬರಲಿಲ್ಲವೇ ಎಂದು ಕೇಳಿದ.

ಅದನ್ನು ಕನ್ನಡಕ್ಕೆ ತಂದೆ. ಪಟಾಲಮ್ಮ ನಕ್ಕಳು.

"ಎಲ್ಲಾ ನನ್ ಹಿಂದ್ಗಡೆ ಬಂದೋರೇ ಅಂತ ಹೇಳಕ್ಕ. ಆ ಮುತ್ತುರಾಜ ಬಂದಾಗ ಚಡ್ಡಿ ಇರ್ಲಿಲ್ಲ. ಅಖಾಡದಲ್ಲೇ ಉಚ್ಚೆ ಹುಯ್ದಿದ್ದ. ಆ ಮಣ್ಣು ಬಾಚಿದ್ದೂ ನಾನೇ."

ಅವನು ನಗಲಿಲ್ಲ. ಎದ್ದು ನಿಂತು ಅವಳಿಗೆ ಬಾಗಿದ.

ಪೊರಕೆ ಬಿಡುವುದಿಲ್ಲವಂತೆ ಎಂದು ಹೊಸ್ತಿಲಲ್ಲಿ ನಿಂತು ಹೇಳಿದೆ. ಚಿಕ್ಕವೆಂಕಟಪ್ಪ ಉಗಿದ. ಉಗುಳು ನನ್ನ ಸೀರೆಯ ಅಂಚಿಗೆ ಬಿತ್ತು.

ಆದರೆ ಗೋಡೆ ತುಂಬ ಪೋಸ್ಟರು ಹತ್ತಿದ್ದವು, ಕುಸ್ತಿ ನಿಲ್ಲಿಸುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ವಾರ್ಡಿನ ಪುಢಾರಿ ಊಟಕ್ಕೆ ಬಂದಿದ್ದ. ಜಪಾನಿನ ಪೈಲ್ವಾನನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವ ಆಸೆ ಅವನಿಗೆ. ಹೀಗಾಗಿ ಸೆಗಾವಾನ ಜಾತಿ ಒಂದು ಹೊತ್ತಿನ ಮಟ್ಟಿಗೆ ಏರಿತು. ಗಂಜಲವೂ ಬೇಕಾಗಲಿಲ್ಲ. ಅಖಾಡದ ಪಕ್ಕದ ಹಜಾರದಲ್ಲಿ ಚಾಪೆ ಹಾಸಿ, ಪುಢಾರಿಯ ಬಲಕ್ಕೆ ಅವನಿಗೊಂದು ಮಣೆ ಇಟ್ಟಿದ್ದರು. ಅವನ ಮಾತು ತಿಳಿಸಲೆಂದು ನಾನು ಮತ್ತೆ ಹೊಸ್ತಿಲಾಚೆ. ಪಟಾಲಮ್ಮ ಹಿತ್ತಲಲ್ಲಿ, ಉಳಿದದ್ದು ಬರಲೆಂದು ಕಾಯುತ್ತ.

ಅಡುಗೆಯ ಬಸಣ್ಣ ಮೊದಲ ತಟ್ಟೆಗೆ ಮುದ್ದೆ ಇಟ್ಟು, ಬಾಡಿನ ಸಾರು ಬಿಟ್ಟು ಸೆಗಾವಾನ ಮುಂದೆ ಹಿಡಿದ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಕೂರಲಿಲ್ಲ. ಹಿತ್ತಲ ಬಾಗಿಲ ಕಡೆ ಹೊರಟ.

"ಏಯ್. ಎಲ್ಲಿಗೋ?" ಮುತ್ತುರಾಜ ಎದ್ದ.

ಹಿರಿಯರಿಗೆ ಕೊಡದೆ ತಾನು ಉಣ್ಣುವಂತಿಲ್ಲ ಎಂದು ಸೆಗಾವಾ ನನಗೆ ಹೇಳಿದ. ನಾನು ಅವರಿಗೆ ಹೇಳಿದೆ.

"ಹಿರೀರು ಇಲ್ ಕೂತವ್ರಲ್ಲ, ಕಣ್ ಹೊಟ್ಟೋಗಿದ್ಯಾ?" ಚಿಕ್ಕವೆಂಕಟಪ್ಪ ಎದ್ದು ನಿಂತ. "ಟೀಚರಮ್ಮ, ಹೇಳವ್ನಿಗೆ. ಆ ಬಾಗ್ಲು ದಾಟುದ್ರೆ ಕುಸ್ತಿ ಇಲ್ಲ, ಏನಿಲ್ಲ. ಇವತ್ತೇ ಅವ್ನ ಗುರುಗೆ ಫೋನ್ ಹೋಗುತ್ತೆ. ಆ ಗುಡ್ಸೋ ಮುಂಡೇನೂ ನಾಳೆಯಿಂದ ಈ ಕಡೆ ತಲೆ ಹಾಕಂಗಿಲ್ಲ."

ಒಂದು ಮಾತೂ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ಉಸ್ತಾದನಿಗೆ ಒಮ್ಮೆ ಬಾಗಿದ. ಆ ಕ್ಷಣದಲ್ಲಿ ಬಸಣ್ಣ, ಯಾರ ಮುಖವನ್ನೂ ನೋಡದೆ, ಆ ತಟ್ಟೆಗೆ ಇನ್ನೊಂದು ಸೌಟು ಬಾಡು ಹಾಕಿದ. ಸೆಗಾವಾ ಬಾಗಿಲು ದಾಟಿದ.

ಓಣಿ ಬಳಸಿ ನಾನು ಹಿತ್ತಲಿಗೆ ಬರುವಷ್ಟರಲ್ಲಿ ಪಟಾಲಮ್ಮ ಎದ್ದು ಗೋಡೆಗೆ ಒರಗಿದ್ದಳು. ಅವನು ತಟ್ಟೆ ಚಾಚಿ ನಿಂತಿದ್ದ. ಅವಳು ಮುಟ್ಟಿರಲಿಲ್ಲ.

"ಇವ್ನಿಗೆ ಏನಾಯ್ತದಕ್ಕ?"

"ಕುಸ್ತಿ ಹೋಯ್ತು. ಊರಲ್ಲೂ ಇನ್ ಇವ್ನನ್ನ ಸೇರಿಸ್ಕೊಳಲ್ವೇನೋ."

"ನಂಗೆ?"

"ಕೆಲ್ಸ ಹೋಯ್ತು."

ಅವಳು ನಲ್ಲಿ ತಿರುಗಿಸಿ ಮೊಣಕೈವರೆಗೆ ಕೈ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡಳು.

"ಹೋದ್ಮೇಲೆ ಮೋರಿ ಪಕ್ಕ ಯಾಕ್ ತಿನ್ಲಿ?"

ಅವಳು ಬಾಗಿಲಿನಿಂದ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಮುತ್ತುರಾಜ ಅಡ್ಡ ಬರಲು ಕೈಯೆತ್ತಿದ. ತಡೆಯಬೇಕಾದರೆ ಮುಟ್ಟಬೇಕಿತ್ತು. ಕೈ ಗಾಳಿಯಲ್ಲೇ ನಿಂತಿತು. ಪಟಾಲಮ್ಮ ಸಾಲಿನ ಮುಂದೆ ನಡೆದು, ಪುಢಾರಿಯ ಬಲಕ್ಕೆ ಖಾಲಿಯಿದ್ದ ಮಣೆಯ ಮೇಲೆ ಕೂತು ಸೀರೆಯ ನಿರಿಗೆ ಸರಿಮಾಡಿಕೊಂಡಳು. ಪುಢಾರಿಯ ಮುದ್ದೆ ಅವನ ಬೆರಳಲ್ಲೇ ಉಳಿಯಿತು. ಚಿಕ್ಕವೆಂಕಟಪ್ಪ ಮೂಲೆಯ ಗದೆಯ ಕಡೆ ಹೆಜ್ಜೆ ಹಾಕಿದ.

ಸೆಗಾವಾ ಒಳಗೆ ಬಂದು, ಅವಳೆದುರು ಮಂಡಿಯೂರಿ, ಎರಡೂ ಕೈಯಲ್ಲಿ ತಟ್ಟೆ ಕೊಟ್ಟ.