ಹೊರಟವರನ್ನು ಕರೆಯಬಾರದು

ಮುಳಬಾಗಿಲಿನಲ್ಲಿ ದರ್ಗಾದ ಕಡೆಗೆ ತಿರುಗುವ ಬೀದಿಯ ಮೂಲೆಯಲ್ಲಿ ಅಬ್ದುಲ್ ಗಫೂರನ ಸೈಕಲ್ ಷಾಪು. ಷಾಪು ಅಂದರೆ ಏನು ಮಹಾ, ನಾಲ್ಕು ತಗಡು, ಒಂದು ಹುಣಸೆಮರದ ನೆರಳು, ಬಂದವರು ಕೂರಲು ಒಂದು ಚಪ್ಪಡಿ ಕಲ್ಲು. ಹಿಂದುಗಡೆಯೇ ಮನೆ, ನಡುವೆ ಒಂದು ಗೋಣಿಪರದೆ. ಆದರೆ ಅವನ ಕೈಗುಣದ ಹೆಸರು ಶ್ರೀನಿವಾಸಪುರದವರೆಗೂ ಹೋಗಿತ್ತು. ಹತ್ತು ಮಾರು ತುಳಿದು ಬಂದರೆ ಸಾಕು, ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಒಂದೊಂದು ತುಳಿತಕ್ಕೂ ಕಟಕ್ ಅಂದರೆ ಪೆಡಲ್ ಕೋಲನ್ನು ಹಿಡಿದಿರುವ ಕಾಟರ್ ಪಿನ್ನು ಸವೆದಿದೆ; ಝರಝರ ಅಂದರೆ ಚೈನು ಜೋತುಬಿದ್ದಿದೆ. "ಸೈಕಲ್ ಸುಳ್ಳು ಹೇಳಲ್ಲ, ಸುಳ್ಳು ಹೇಳೋದೆಲ್ಲ ಮನುಷ್ಯರು" ಅನ್ನುವುದು ಅವನ ಮಾತು. ಆ ಮಾತು ತನ್ನ ಕುತ್ತಿಗೆಗೇ ಬರುತ್ತದೆ ಅಂತ ಅವನಿಗೇನು ಗೊತ್ತು.

ಅಂಥ ಗಫೂರ್ ಒಂದು ತಿಂಗಳಿಂದ ಕೆಲಸವನ್ನು ಮನಸ್ಸಿಟ್ಟು ಮಾಡಿರಲಿಲ್ಲ. ಅವನ ಗೆಳೆಯ, ದೇವರಾಯಸಮುದ್ರದ ಮುನಿಕೃಷ್ಣಪ್ಪ, ಸೈಕಲ್ಲಿನಿಂದ ಬಿದ್ದು ಸತ್ತು ತಿಂಗಳಾಗಿತ್ತು. ಮಗಳು ಶಾಮಲಮ್ಮನ ಮದುವೆಯ ಮಾತು ಮುಗಿಸಲು ರಾಯಲ್ಪಾಡಿಗೆ ಹೊರಟವನು ಶ್ರೀನಿವಾಸಪುರದ ದಾರಿಯ ಇಳಿಜಾರಿನಲ್ಲಿ ಮೋರಿಯ ಕಲ್ಲಿಗೆ ಹೋಗಿ ಬಡಿದಿದ್ದ. ಗಾಡಿ ಸಿಕ್ಕಿ ಊರು ಮುಟ್ಟಿಸುವಷ್ಟರಲ್ಲಿ ಪ್ರಾಣ ಹೋಗಿತ್ತು. ಗಫೂರ್ ಮಣ್ಣಿಗೆ ಹೋಗಿ ಬಂದ, ಮೂಲೆಯಲ್ಲಿ ನಿಂತು ಅತ್ತ. ಅಲ್ಲೇ ಹಟ್ಟಿಯ ಗೋಡೆಗೆ ಒರಗಿಸಿಟ್ಟಿದ್ದ ಸೈಕಲ್ಲನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ತಿಂಗಳು ತುಂಬಿದ ಮರುದಿನ, ಹೊತ್ತೇರುವ ವೇಳೆಗೆ, ಷಾಪಿನ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಗಾಡಿಯಲ್ಲಿ ಅದೇ ಸೈಕಲ್ಲು. ಪಕ್ಕದಲ್ಲಿ ಮುನಿಕೃಷ್ಣಪ್ಪನ ಹೆಂಡತಿ ಮುತ್ಯಾಲಮ್ಮ, ಬರಿಗೈ, ಬರಿಹಣೆ. ಗಾಡಿ ಹೊಡೆದುಕೊಂಡು ಬಂದಿದ್ದವನು ಅವಳ ತಮ್ಮ ವೆಂಕಟರಮಣಪ್ಪ. ಗಂಡ ಸತ್ತು ತಿಂಗಳಿಗೇ ಹೊಸಿಲು ದಾಟಿದಳೆಂದು ಊರವರು ಆಡಿಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬಂದಿದ್ದಳು. ವೆಂಕಟರಮಣಪ್ಪ ಸೈಕಲ್ಲನ್ನು ಇಳಿಸಿ, ಎತ್ತುಗಳಿಗೆ ನೀರು ಕುಡಿಸಿ ಬರುತ್ತೇನೆಂದು ಹೋದ. ಮುತ್ಯಾಲಮ್ಮ ಚಪ್ಪಡಿ ಕಲ್ಲಿನ ಮೇಲೆ ಕೂತಳು.

ಅವಳು ಸುತ್ತಿಬಳಸಿ ಮಾತಾಡಲಿಲ್ಲ. ರಾಯಲ್ಪಾಡಿನವರು ಬೇರೆ ಹೆಣ್ಣು ನೋಡಿಕೊಳ್ಳುತ್ತಾರಂತೆ. ನೋಡಿಕೊಳ್ಳಲಿ, ಅದಕ್ಕಲ್ಲ ಅವಳ ಸಂಕಟ. ಅದನ್ನು ಹೇಳಲು ಬಂದವರು ಹೋಗುವಾಗ ಒಂದು ಮಾತು ಎಸೆದು ಹೋಗಿದ್ದರು: ಮದುವೆಯ ಮಾತೆತ್ತಿದ ದಿನವೇ ಹೆತ್ತಪ್ಪನನ್ನು ನುಂಗಿದ ಹುಡುಗಿ, ಇನ್ನು ಸೇರಿದ ಮನೆಯನ್ನು ಉಳಿಸಿಯಾಳೆ ಅಂತ. ಊರ ಬಾಯಿಗೆ ಮುಚ್ಚಳವುಂಟೆ? ಆ ಮಾತು ದೇವರಾಯಸಮುದ್ರದ ಕೆರೆಯ ಏರಿಯಿಂದ ಹಿಡಿದು ಬಾವಿಕಟ್ಟೆಯವರೆಗೂ ಓಡಾಡಿತು. ಹದಿನಾರು ವರ್ಷದ ಹುಡುಗಿ ಅದನ್ನು ನಂಬಿಬಿಟ್ಟಿದ್ದಳು. ತಟ್ಟೆಯ ಮುಂದೆ ಕೂರಿಸಿದರೆ, ನಾನೇ ಅಪ್ಪನನ್ನು ತಿಂದವಳು, ನನಗಿನ್ನೇನು ಊಟ ಅನ್ನುತ್ತಿದ್ದಳಂತೆ. ಮೂರು ದಿನದ ಹಿಂದೆ ಬಾವಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಯಾರೋ ನೋಡಿ ಕರೆದುಕೊಂಡು ಬಂದರು.

"ಗಫೂರಣ್ಣ, ಇದನ್ನ ರಿಪೇರಿಗೆ ತಂದಿಲ್ಲ" ಅಂದಳು ಮುತ್ಯಾಲಮ್ಮ. "ಇದ್ರಲ್ಲಿ ಏನು ಕೆಟ್ಟಿತ್ತು, ಅದನ್ನ ನೋಡಿ ಹೇಳಿ. ದೋಷ ಸೈಕಲ್ಲಲ್ಲಿದ್ರೆ ನನ್ನ ಮಗಳಲ್ಲಿ ಇಲ್ಲ ಅಂತ ಆಯ್ತದೆ."

ಗಫೂರ್ ನೆಲಕ್ಕೆ ಗೋಣಿತಾಟು ಹಾಸಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದ.

ಅದು ಪೆಡಲ್ ನಿಲ್ಲದ ಸೈಕಲ್ಲು. ಹಿಂದಿನ ಚಕ್ರ ತಿರುಗುವವರೆಗೆ ಪೆಡಲ್ಲೂ ತಿರುಗುತ್ತಲೇ ಇರಬೇಕು. ಇಳಿಜಾರಿನಲ್ಲಿ ಕಾಲು ಆಡಿಸದೆ ಆರಾಮಾಗಿ ಕೂರುವ ಸುಖ ಇಲ್ಲ. ನಿಲ್ಲಿಸಬೇಕಾದರೆ ಕಾಲಿನಿಂದಲೇ ಹಿಂದಕ್ಕೆ ಒತ್ತಿ ತಡೆಯಬೇಕು. ಮೊದಲು ಅದೂ ಎಲ್ಲ ಸೈಕಲ್ಲಿನಂತೆ, ಕಾಲು ನಿಲ್ಲಿಸಿದರೂ ಚಕ್ರ ಓಡುವ ಫ್ರೀವೀಲಿನದೇ. ಆದರೆ ಯುದ್ಧದ ಕಾಲ. ಫ್ರೀವೀಲು ಮುರಿದರೆ ಹೊಸದು ಕೋಲಾರದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಬ್ರೇಕಿನ ರಬ್ಬರಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಗಫೂರ್ ಹಳೆಯ ಸೈಕಲ್ಲಿನ ಗಟ್ಟಿ ಹಲ್ಲುಚಕ್ರವೊಂದನ್ನು ಹಿಂದಿನ ಚಕ್ರಕ್ಕೆ ತಿರುಗಿಸಿ ಕೂರಿಸಿಕೊಡುತ್ತಿದ್ದ. ಕಾಲೇ ಬ್ರೇಕು. ಆ ವರ್ಷ ಐದು ಸೈಕಲ್ಲಿಗೆ ಹಾಗೆ ಮಾಡಿದ್ದ. ಐದನೆಯದು ಇದು.

ಅವನು ಮೊದಲು ಚೈನನ್ನು ನೋಡಿದ. ಇಂಥ ಸೈಕಲ್ಲಿನಲ್ಲಿ ಚೈನು ಹೆಚ್ಚು ಸಡಿಲವಾದರೆ ಓಡುವಾಗಲೇ ಹಲ್ಲಿನಿಂದ ಕಳಚಿಕೊಂಡು ಚಕ್ರ ಕಚ್ಚಿಕೊಳ್ಳುತ್ತದೆ, ಮೇಲಿದ್ದವನು ತಲೆಕೆಳಗಾಗಿ ಬೀಳುತ್ತಾನೆ. ಚೈನನ್ನು ಸದಾ ನೋಡಿಕೊಳ್ಳಬೇಕಾದವನು ತುಳಿಯುವವನು. ಸಡಿಲವಾಗಿರಲಿ ಅಂತ ಗಫೂರ್ ಒಳಗೊಳಗೇ ಬೇಡಿಕೊಂಡ. ಹೆಬ್ಬೆರಳಿನಿಂದ ಒತ್ತಿದ. ಚೈನು ಅರ್ಧ ಬೆರಳು ತಗ್ಗಿ ನಿಂತಿತು. ಎಷ್ಟಿರಬೇಕೋ ಅಷ್ಟೇ.

ಆಮೇಲೆ ಹಿಂದಿನ ಅಚ್ಚಿನ ನಟ್ಟುಗಳು. ಅವು ಸಡಿಲಗೊಂಡಿದ್ದರೆ ಚಕ್ರ ಓರೆಯಾಗಿ ಟೈರು ಚೌಕಟ್ಟಿಗೆ ಉಜ್ಜಿರಬೇಕು. ಉಜ್ಜಿದ ಗುರುತಿರಲಿಲ್ಲ. ಕಾಟರ್ ಪಿನ್ನನ್ನು ಸುತ್ತಿಗೆಯಿಂದ ತಟ್ಟಿದ. ಗಣಗಣ ಅಂದಿತು, ಕಲ್ಲಿನಂತೆ ಕೂತಿತ್ತು. ಮುಂದಿನ ಚಕ್ರವನ್ನು ಹಿಡಿದ ಕವೆ ಸೊಟ್ಟಗಾಗಿತ್ತು, ಆದರೆ ಅದು ಕಲ್ಲಿಗೆ ಬಡಿದು ಆದದ್ದು, ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಎದುರಿಗೆ ಕೂತವಳು ಅವನ ಕೈಯನ್ನೇ ನೋಡುತ್ತಿದ್ದಳು.

ಉಳಿದದ್ದು ಒಂದೇ. ಎಡಗೈಯಲ್ಲಿ ಹಿಂದಿನ ಚಕ್ರವನ್ನು ಅಲುಗಾಡದಂತೆ ಹಿಡಿದು, ಬಲಗೈಯಲ್ಲಿ ಪೆಡಲ್ಲನ್ನು ಹಿಂದಕ್ಕೆ ಒತ್ತಿದ. ಒಂದು ಕೂದಲೆಳೆಯೂ ಹೋಗಬಾರದು. ಪೆಡಲ್ಲು ನಯವಾಗಿ ಹಿಂದಕ್ಕೆ ಹೋಯಿತು. ಕಾಲು ಸುತ್ತು, ಅರ್ಧ ಸುತ್ತು, ಒಂದು ಸುತ್ತು. ಹಲ್ಲುಚಕ್ರ ತನ್ನ ತಿರುಪಿನಿಂದ ಬಿಚ್ಚಿಕೊಂಡು ಬರುತ್ತಿತ್ತು. ಅದನ್ನು ತಡೆದು ಹಿಡಿಯಬೇಕಾಗಿದ್ದ ಲಾಕ್ ರಿಂಗು ಅಚ್ಚಿನ ಮೇಲೆ ಜೋತು ಬಿದ್ದಿತ್ತು.

ಗಫೂರ್ ಕಣ್ಣು ಮುಚ್ಚಿಕೊಂಡ. ಈ ಕೆಲಸದಲ್ಲಿ ಒಂದು ಗುಟ್ಟುಂಟು. ಹಲ್ಲುಚಕ್ರವನ್ನು ಅದುಮಿ ಹಿಡಿಯುವ ರಿಂಗಿಗೆ ಉಲ್ಟಾ ತಿರುಪು ಇರಬೇಕು. ಆಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ರಿಂಗು ಇನ್ನಷ್ಟು ಬಿಗಿಯಾಗುತ್ತದೆ. ಅಂಥ ರಿಂಗು ಆ ವರ್ಷ ಎಲ್ಲೂ ಸಿಗುತ್ತಿರಲಿಲ್ಲ. ಪೆಡಲ್ ಅಚ್ಚಿನ ಬಾಯಿಗೆ ಹಾಕುವ ನೇರ ತಿರುಪಿನ ರಿಂಗನ್ನೇ ಅವನು ಹಾಕುತ್ತಿದ್ದ. ಅದಕ್ಕೆ ಅವನದೇ ಒಂದು ಕಟ್ಟುನಿಟ್ಟಿತ್ತು. ಮೂರು ದಿನ ಊರೊಳಗೇ ಮುಂದಕ್ಕೆ ತುಳಿ. ಇಳಿಜಾರು ಬಂದರೆ ಕಾಲಲ್ಲಿ ತಡೆಯಬೇಡ, ಇಳಿದು ತಳ್ಳಿಕೊಂಡು ಹೋಗು. ತುಳಿದೂ ತುಳಿದೂ ಹಲ್ಲುಚಕ್ರ ಪೂರ್ತಿ ಕೂತ ಮೇಲೆ ಮೂರನೇ ದಿನ ತಾ, ಇನ್ನೊಂದು ಸುತ್ತು ಬಿಗಿದುಕೊಡುತ್ತೇನೆ. ನಾಲ್ಕು ಜನಕ್ಕೆ ಹೀಗೆ ಹೇಳಿ, ಅವರಿಂದ ಹೂಂ ಅನ್ನಿಸಿಕೊಂಡ ಮೇಲೇ ಸೈಕಲ್ಲನ್ನು ಬಿಟ್ಟಿದ್ದ. ಆ ನಾಲ್ಕೂ ಊರಲ್ಲಿ ಚೆನ್ನಾಗಿ ಓಡಾಡುತ್ತಿದ್ದವು.

ಮುನಿಕೃಷ್ಣಪ್ಪನಿಗೆ ಹೇಳಿರಲಿಲ್ಲ.

ಆ ಬೆಳಗ್ಗೆ ಅವನು ಹೊಸ ರುಮಾಲು ಸುತ್ತಿಕೊಂಡು, ಚೀಲದಲ್ಲಿ ತೆಂಗಿನಕಾಯಿ, ಎಲೆಅಡಿಕೆ ಇಟ್ಟುಕೊಂಡು ಬಂದಿದ್ದ. ರಾಹುಕಾಲ ಬರುವ ಮುಂಚೆ ಹೊರಡಬೇಕೆಂದು ಅವಸರ. ಗಫೂರ್ ರಿಂಗು ಬಿಗಿಯುತ್ತಿದ್ದಷ್ಟು ಹೊತ್ತೂ ಮಗಳ ಸುದ್ದಿಯೇ. ಹುಡುಗನ ಮನೆಯ ಹಿಂದೆ ಮಾವಿನ ತೋಟವಂತೆ, ಶಾಮಲಿಗೆ ಉಪ್ಪಿನಕಾಯಿಗೆ ಬರವಿಲ್ಲ ಅಂತ ನಗು. ಗಫೂರ್ ಕೂಡ ನಕ್ಕ. ಆ ಮಗು ಹುಟ್ಟಿದಾಗ ದೇವರಾಯಸಮುದ್ರಕ್ಕೆ ಸಕ್ಕರೆ ಒಯ್ದುಕೊಟ್ಟವನು ಅವನೇ. ನಗುನಗುತ್ತಲೇ ಮುನಿಕೃಷ್ಣಪ್ಪ ಟೀ ಕುಡಿದು ಲೋಟ ಇಟ್ಟ, ಸೈಕಲ್ ಹತ್ತಿದ, ಹೊರಟ.

ಇಪ್ಪತ್ತು ಮಾರು ಹೋಗಿರಬೇಕು, ಗಫೂರನಿಗೆ ನೆನಪಾಯಿತು. ಎದ್ದು ನಿಂತ. ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು.

ಆಗ ಅವನಿಗೆ ನೆನಪಾದದ್ದು ಮೂವತ್ತು ವರ್ಷದ ಹಿಂದಿನ ಒಂದು ಬೈಗುಳ. ಇಬ್ಬರೂ ಚಿಕ್ಕವರು. ದೇವರಾಯಸಮುದ್ರದಲ್ಲಿ ಮುನಿಕೃಷ್ಣಪ್ಪನ ಅಪ್ಪ ಎತ್ತು ತರಲು ಹೊರಟಿದ್ದಾಗ ಗಫೂರ್ ಹಿಂದಿನಿಂದ "ಮಾಮಾ" ಅಂತ ಕೂಗಿ, ಎಲ್ಲಿಗೆ ಅಂತ ಕೇಳಿಬಿಟ್ಟಿದ್ದ. ಮಾಮ ತಿರುಗಿ ನಿಂತು, ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕರೀತೀಯೇನ್ಲಾ ಅಂತ ಕೋಲೆತ್ತಿದ. ಹುಡುಗ ಗಫೂರ್ ಹಿಂದೆ ಮುಂದೆ ನೋಡದೆ ಮುಳಬಾಗಿಲಿನ ದಾರಿ ಹಿಡಿದಿದ್ದ. ಅಂದಿನಿಂದ ಆ ಮನೆಯವರು ಯಾರೇ ಹೊರಟರೂ ಅವನು ಕರೆದವನಲ್ಲ, ಎಲ್ಲಿಗೆ ಅಂದವನಲ್ಲ. ತನ್ನ ಮನೆಯಲ್ಲಿ ಇಲ್ಲದ ಶಾಸ್ತ್ರ, ಆದರೂ ಗೆಳೆಯನದು ಅಂತ ಪಾಲಿಸಿಕೊಂಡು ಬಂದಿದ್ದ. ಇಂದು ಶಾಮಲಳ ಮದುವೆಯ ಮಾತು. ಇಂಥ ದಿನ ಕರೆಯುವುದುಂಟೆ? ಸಂಜೆ ಬರುತ್ತಾನಲ್ಲ, ಆಗ ಹೇಳಿದರಾಯಿತು ಅಂದುಕೊಂಡು ತೆರೆದ ಬಾಯನ್ನು ಮುಚ್ಚಿದ. ರುಮಾಲು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಈಗ ಚಕ್ರ ಬಿಚ್ಚಿ ತೆಗೆದ ರಿಂಗು ಅವನ ಅಂಗೈಯಲ್ಲಿತ್ತು. ಅದನ್ನು ಜೇಬಿಗೆ ಇಳಿಸಿ, ಚೈನು ಸಡಿಲವಾಗಿತ್ತಮ್ಮಾ ಅಂದುಬಿಟ್ಟರೆ ಮುಗಿಯಿತು. ದೋಷ ಸೈಕಲ್ಲಿನದಾಗುತ್ತದೆ, ಹುಡುಗಿಯೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾದೀತು. ಬಂತು, ಒಂದು ಗಳಿಗೆ ನಿಂತೂ ನಿಂತಿತು. ಆದರೆ ಹಾಗಂದರೆ ಚೈನು ನೋಡಿಕೊಳ್ಳದ ತಪ್ಪು ಸತ್ತವನ ತಲೆಗೆ ಹೋಗುತ್ತದೆ. ಗೋಣಿಪರದೆಯ ಹಿಂದೆ ಅವನ ಹೆಂಡತಿ ಖುರ್ಷೀದ್ ಬೇಗಂ ನಿಂತಿದ್ದಳು. ತಿಂಗಳಿಂದ ಗಂಡ ಅನ್ನ ಬಿಟ್ಟು ಏಳುವುದನ್ನು ಕಂಡವಳು, ಯಾಕೆಂದು ಕೇಳಿರಲಿಲ್ಲ ಅಷ್ಟೆ.

ಗಫೂರ್ ರಿಂಗನ್ನು ಮುತ್ಯಾಲಮ್ಮನ ಮುಂದೆ ಕಲ್ಲಿನ ಮೇಲೆ ಇಟ್ಟ.

"ಮಗಳ ದೋಷ ಅಲ್ಲ ತಂಗೀ" ಅಂದ. "ಸೈಕಲ್ಲಿಂದೂ ಅಲ್ಲ. ನಂದು."

ಆಮೇಲೆ ಎಲ್ಲವನ್ನೂ ಹೇಳಿದ. ರಿಂಗಿನದು, ಮೂರು ದಿನದ ಕಟ್ಟುನಿಟ್ಟು, ಇಳಿಜಾರಿನಲ್ಲಿ ಕಾಲೊತ್ತಿ ತಡೆಯಲು ಹೋದಾಗ ಪೆಡಲ್ಲು ಗಾಳಿಯಲ್ಲಿ ತಿರುಗಿರಬೇಕು ಅನ್ನುವುದು, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ದನಿ ಒಡೆದುಹೋಯಿತು. ಮುತ್ಯಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಷ್ಟರಲ್ಲಿ ತಿರುಗಿ ಬಂದಿದ್ದ ವೆಂಕಟರಮಣಪ್ಪ ಅಕ್ಕನ ಹಿಂದೆ ಬಂದು ನಿಂತ. ರಾಯಲ್ಪಾಡಿಗೂ ಬರುತ್ತೇನೆ, ದೇವರಾಯಸಮುದ್ರದ ಅರಳಿಕಟ್ಟೆಗೂ ಬರುತ್ತೇನೆ, ಎಲ್ಲರ ಮುಂದೆ ಈ ರಿಂಗು ತೋರಿಸಿ ಇದೇ ಮಾತು ಹೇಳುತ್ತೇನೆ ಅಂದ ಗಫೂರ್. ಮೊದಲು ಶಾಮಲಳಿಗೆ ಹೇಳಬೇಕು ಅಂದಳು ಮುತ್ಯಾಲಮ್ಮ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಕಣ್ಣೊರೆಸಿಕೊಂಡ ಮೇಲೆ, ನೆನಪಾದ ಕೂಡಲೇ ಯಾಕೆ ಕರೆಯಲಿಲ್ಲ ಅಂತ ಕೇಳಿದಳು. ಅವನು ಅದನ್ನೂ ಹೇಳಿದ. ಮಾಮನ ಕೋಲು, ತಾನು ಓಡಿಹೋದದ್ದು, ಮೂವತ್ತು ವರ್ಷ ಪಾಲಿಸಿದ್ದು.

ಮುತ್ಯಾಲಮ್ಮ ಅವನ ಮುಖವನ್ನೇ ನೋಡಿದಳು.

"ಕರೆದಿದ್ರೆ ಏನಾಗ್ತಿತ್ತು ಗಫೂರಣ್ಣ? ವಾಪಸ್ ಬಂದು, ಈ ಕಲ್ಲಿನ ಮೇಲೆ ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡ್ಕೊಂಡು ಮತ್ತೆ ಹೋಗ್ತಿದ್ರು. ಶಾಸ್ತ್ರ ಅಂದ್ರೆ ಅಷ್ಟೇ ಕಣಣ್ಣ. ಅವತ್ತು ನಮ್ಮ ಮಾವನೋರೂ ಹಾಗೇ ನೀರು ಕುಡ್ದು ಹೋಗಿ ಎತ್ತು ತಂದಿರ್ತಾರೆ. ನೀವು ಓಡೋಗಿಬಿಟ್ರಿ, ನೋಡ್ಲಿಲ್ಲ."

ನೀರಿನ ಮಾತು ಗಫೂರನಿಗೆ ಗೊತ್ತಿರಲಿಲ್ಲ. ಅರ್ಧ ಶಾಸ್ತ್ರ ಕಲಿತು, ಆ ಅರ್ಧವನ್ನೇ ಮೂವತ್ತು ವರ್ಷ ಕಣ್ಣಿಗೊತ್ತಿಕೊಂಡಿದ್ದ.

ವೆಂಕಟರಮಣಪ್ಪ ಎತ್ತು ಹೂಡಿದ. ಮುತ್ಯಾಲಮ್ಮ ರಿಂಗನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗಳ ಕೈಗೆ ಅದನ್ನೇ ಕೊಡುತ್ತೇನೆ ಅಂದಳು. ಗಾಡಿ ಹೊರಟಿತು. ಹತ್ತು ಮಾರು ಹೋಗಿತ್ತು, ರಾಯಲ್ಪಾಡಿಗೆ ಯಾವತ್ತು ಬರಬೇಕೆಂದು ಕೇಳಲೇ ಇಲ್ಲವಲ್ಲ ಅಂತ ಗಫೂರನಿಗೆ ಹೊಳೆಯಿತು. ಬೀದಿಗೆ ಬಂದ. ಬಾಯಿ ತೆರೆದ, ಹಳೆಯ ಅಭ್ಯಾಸ ಗಂಟಲನ್ನು ಹಿಡಿಯಿತು. ಅವನು ಬಿಡಲಿಲ್ಲ.

"ಮುತ್ಯಾಲಮ್ಮಾ" ಅಂತ ಕೂಗಿದ.

ಗಾಡಿ ನಿಂತಿತು. ಅವಳು ಇಳಿದು ನಡೆದು ಬಂದಳು. ಬಂದವಳು ಅದೇ ಚಪ್ಪಡಿ ಕಲ್ಲಿನ ಮೇಲೆ ಕೂತು, ನೀರು ಕೊಡಿ ಅಂದಳು. ಅವಳ ಗಂಡ ಇಲ್ಲಿ ಎಷ್ಟು ಸಲ ಟೀ ಕುಡಿದಿದ್ದನೋ, ಅವಳು ಈ ಮನೆಯ ನೀರನ್ನು ಎಂದೂ ಮುಟ್ಟಿದವಳಲ್ಲ. ಖುರ್ಷೀದ್ ಬೇಗಂ ಚೊಂಬು ಹಿಡಿದು ಪರದೆಯಾಚೆ ಬಂದು, ಕೊಡಲೋ ಬೇಡವೋ ಅಂತ ಅರೆಗಳಿಗೆ ನಿಂತಳು. ಮುತ್ಯಾಲಮ್ಮ ಬೊಗಸೆ ಒಡ್ಡಿದಳು. ಖುರ್ಷೀದ್ ಬೇಗಂ ಹೊಯ್ದಳು. ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, ಯಾವತ್ತು ಬರಲಿ ಅಂದವನಿಗೆ ಶುಕ್ರವಾರ ಬನ್ನಿ ಅಂತ ಹೇಳಿ ಅವಳು ಗಾಡಿ ಹತ್ತಿದಳು.

ಗಫೂರ್ ನಿಂತು ನೋಡಿದ. ಅವಳು ಬಂದು, ಕೂತು, ಕುಡಿದು ಎದ್ದು ಹೋಗಲು ಒಂದು ನಟ್ಟು ಬಿಗಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ.