ಕತ್ತಿನ ಹಿಂದಿನ ಹೆಬ್ಬೆಟ್ಟು

"ಟಾರ್ಚು ನೇರ ಬಿಡಬೇಡ, ಓರೆ ಹಿಡಿ. ನೇರ ಬೆಳಕಲ್ಲಿ ಎಲ್ಲರೂ ಸಾಚಾಗಳೇ," ಎಂದ ಮಾವ. ಅಕ್ಕನ ಮಗಳು ನಕ್ಕು ಟಾರ್ಚನ್ನು ವಾಲಿಸಿದಳು.

ಮೇಜಿನ ಕಂಬಳಿಯ ಮೇಲೆ ಮಾರಾಟಕ್ಕಿದ್ದ ಬೇಸ್ ಗಿಟಾರು ಅಂಗಾತ ಮಲಗಿತ್ತು. ಜೇನುಬಣ್ಣದ ಮೈ, ನಾಲ್ಕು ದಪ್ಪ ತಂತಿ, ಬೇರಿನಂತೆ ಮೈಯೊಳಕ್ಕೆ ಇಳಿದ ಉದ್ದನೆಯ ಕತ್ತು. ಪೆಟ್ಟಿಗೆ ತೆರೆದಾಗಿನಿಂದ ಮಾವ ಅದನ್ನೇ ನೋಡುತ್ತಿದ್ದ. ಈ ಬಣ್ಣದ್ದೊಂದು ಹಿಂದೊಮ್ಮೆ ಅವನ ಕೈಮೇಲೆ ಹಾದುಹೋಗಿತ್ತು. ವಾದ್ಯದಂಗಡಿಯ ಹಿಂಬದಿ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ರಿಪೇರಿ ಮಾಡುವವನಿಗೆ ಜೇನುಬಣ್ಣದವು ಎಷ್ಟು ಬರುತ್ತವೋ, ಎಷ್ಟು ಹೋಗುತ್ತವೋ. ಹಾಗೆಂದು ಸಮಾಧಾನ ಮಾಡಿಕೊಂಡ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನಾಲ್ಕು ವರ್ಷ ಆವಿಯಲ್ಲಿ ಬೆಂದು ಕೂಡಿಟ್ಟದ್ದೆಲ್ಲ ಹುಡುಗಿಯ ಕೈಚೀಲದಲ್ಲಿತ್ತು. ಲಾಂಡ್ರಿಯ ಹೆಂಗಸರು ಕಟ್ಟಿಕೊಂಡ ತಂಡದಲ್ಲಿ ಅವಳು ನುಡಿಸುತ್ತಿದ್ದದ್ದು ಎರವಲು ವಾದ್ಯ. ಮೊನ್ನೆ ಅದರ ಒಡತಿ ವಾಪಸು ಕೇಳಿದ್ದಳು.

"ಹೆಗಲು ಕೈಕೊಡ್ತು ಕಣಮ್ಮ. ಇಲ್ಲದಿದ್ರೆ ಜೀವ ಹೋದ್ರೂ ಇದನ್ನ ಮಾರ್ತಿರಲಿಲ್ಲ," ಎಂದರು ಮನೆಯ ಯಜಮಾನರು. ಹೋಟೆಲುಗಳ ವಾದ್ಯತಂಡಗಳಲ್ಲಿ ಬಾಳು ಸವೆಸಿದ ಹಿರಿಯ ವಾದಕರು ಅವರು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು.

"ನೀವು ಹೇಳೋದು ಬೇಡ ಸಾರ್, ನಮ್ಮ ಮಾವ ಹೇಳ್ತಾನೆ. ಕೂದಲೆಳೆ ಬಿರುಕೂ ಇವನ ಕಣ್ಣು ತಪ್ಪಲ್ಲ. ಸುಳ್ಳಂತೂ ಬಾಯಿಗೇ ಬರಲ್ಲ."

ಮಾವ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ದೃಷ್ಟಿ ಹರಿಸಿದ. ಬಾಗಿಲ್ಲ, ತಿರುಚಿಲ್ಲ. ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ ಗುಂಡಿಗಳನ್ನು ತಿರುಗಿಸಿದ. ಒಂದಾದರೂ ಕರಕರ ಅನ್ನಲಿಲ್ಲ. ಕತ್ತಿನ ಮೇಲಿನ ಪ್ರತಿ ಸ್ವರಮನೆಯಲ್ಲೂ ತಂತಿ ಒತ್ತಿ, ಸ್ವರ ಎಲ್ಲಿಯಾದರೂ ಉಸಿರು ಕಳೆದುಕೊಳ್ಳುತ್ತದೆಯೇ ಎಂದು ಆಲಿಸಿದ. ಎಲ್ಲವೂ ಗಂಟೆಯ ನಾದದಂತೆ ನಿಂತವು.

"ಒಂದು ವಿಶೇಷ ಇದೆ," ಎಂದರು ವಾದಕರು, ಮಗುವಿನ ಮಚ್ಚೆ ತೋರಿಸುವ ತಾಯಿಯಂತೆ. "ಕತ್ತಿನ ಹಿಂದೆ, ತಲೆ ಹತ್ತಿರ ಕೈ ಇಡಿ. ಸಣ್ಣ ತಗ್ಗು. ಹೆಬ್ಬೆರಳು ತಾನೇ ಹೋಗಿ ಕೂತ್ಕೊಳತ್ತೆ. ಕಂಪನಿಯವರೇ ಮಾಡಿರ್ತಾರೆ ಅಂದ್ಕೊಂಡಿದೀನಿ."

ಮಾವ ಬೆರಳಿಟ್ಟ. ಬೆರಳು ತನ್ನ ಮನೆಗೆ ತಾನು ಬಂದಂತೆ ಕೂತಿತು.

ಗಿಟಾರನ್ನು ತಿರುವಿ ಹಾಕಿದ. ಓರೆ ಬೆಳಕಿನಲ್ಲಿ ವಾರ್ನಿಶ್ಶಿನ ಮೇಲೆ ಗೆರೆಗೆರೆಯ ಹೆಬ್ಬೆಟ್ಟು. ನಡುವೆ, ತನ್ನದೇ ಹೆಬ್ಬೆರಳಿಗೆ ಎಂದೋ ಉಳಿ ಕಚ್ಚಿದ ಗಾಯದ ಅಡ್ಡಗೀರು. ಹನ್ನೊಂದು ವರ್ಷದ ಹಿಂದೆ ಲಾರಿಯಿಂದ ಇಳಿಸುವಾಗ ಬಿದ್ದು ಇದರ ತಲೆ ಹಾರಿತ್ತು. "ಮುರಿದದ್ದು ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವನಿಗೆ ಗೊತ್ತಾದ ದಿನ ನೀನು ಬೀದೀಲಿ," ಎಂದಿದ್ದ ಅಂಗಡಿಯ ಧಣಿ. ಅಂಟಿಸಿ ಇಡೀ ದಿನ ಬಿಗಿದಿಡಬೇಕಾದ ಕತ್ತನ್ನು ಐದೇ ಗಂಟೆಯಲ್ಲಿ ಬಿಚ್ಚಿಸಿದ್ದ. ವಾರ್ನಿಶ್ ಆರುವ ಮೊದಲೇ ಎತ್ತಿಕೊಡು ಎಂದಿದ್ದ. ಎತ್ತಿಕೊಟ್ಟ ಕೈಯ ಗುರುತು ಹಸಿಯಲ್ಲಿ ಉಳಿಯಿತು. ಹಿಂಬದಿ ಕೋಣೆಯವರ ಮುಖ ಯಾವ ಗಿರಾಕಿಗೂ ಗೊತ್ತಿರುವುದಿಲ್ಲ. ಲಾಭವೆಲ್ಲ ಮುಂಬಾಗಿಲಿಗೆ, ಎದೆಗುದಿಯೆಲ್ಲ ಹಿಂಬಾಗಿಲಿಗೆ. ಎಲ್ಲಿ, ಯಾವ ವೇದಿಕೆಯ ಮೇಲೆ ಇದರ ಕತ್ತು ಕಳಚಿ ಬೀಳುತ್ತದೋ ಎಂದು ಧಣಿ ಒಂದು ದಿನವೂ ನಿದ್ದೆಗೆಟ್ಟಿರಲಿಕ್ಕಿಲ್ಲ.

"ಏನ್ ಮಾವ, ಬೆವರ್ತಿದೀಯ?"

"ಸೆಕೆ."

"ಫ್ಯಾನು ನಿನ್ನ ನೆತ್ತಿ ಮೇಲೇ ತಿರುಗ್ತಿದೆ."

ಒಂದು ಮಾತು ಸಾಕಿತ್ತು. ಹುಡುಗಿಯ ದುಡ್ಡೂ ಉಳಿಯುತ್ತಿತ್ತು, ತನ್ನ ಕೆಲಸವೂ ಉಳಿಯುತ್ತಿತ್ತು. "ಇದು ಬೇಡ," ಎಂದ. "ಭಾರ ಜಾಸ್ತಿ. ಹೆಣ್ಣುಮಕ್ಕಳ ಹೆಗಲಿಗೆ ಆಗಲ್ಲ. ನಡಿ."

ಹುಡುಗಿಯ ಮುಖ ಕಪ್ಪಿಟ್ಟಿತು. "ಒದ್ದೆ ಬೆಡ್‌ಶೀಟಿನ ಮೂಟೆ ಹೊರೋ ಹೆಗಲಿಗೆ ಇದು ಭಾರಾನಾ? ಮೂಟೆ ಹೊರಿಸುವಾಗ ಹೆಣ್ಣುಮಕ್ಕಳು ಅನ್ನೋದು ಯಾರಿಗೂ ನೆನಪಾಗಲ್ಲ. ನೀನೂ ನಮ್ಮ ಸೂಪರ್‌ವೈಸರ್ ಥರಾನೇ ಮಾತಾಡಕ್ಕೆ ಶುರು ಮಾಡಿದ್ಯಲ್ಲ!"

ಉಳಿ ಕಚ್ಚಿದಾಗಲೂ ಅಷ್ಟು ಉರಿದಿರಲಿಲ್ಲ. ಮಾವ ಕುರ್ಚಿ ಎಳೆದು ಕೂತ.

"ಇದು ಮುರಿದಿತ್ತು," ಎಂದ. "ಇಲ್ಲೇ, ತಲೆ ಬುಡದಲ್ಲಿ. ಅಂಟು ಹಾಕಿ, ಬಿರುಕು ಕಾಣದ ಹಾಗೆ ಕಪ್ಪು ನೆರಳಿನಂಥ ಬಣ್ಣ ಬಳಿದು ಮುಚ್ಚಿದ್ದಾರೆ."

"ನಾಲಿಗೆ ಬಿಗಿ ಹಿಡೀರಿ!" ವಾದಕರು ಎಡಗೈಯಿಂದಲೇ ಪೆಟ್ಟಿಗೆಯ ಜೇಬು ತಡಕಿ ಹಳದಿಗಟ್ಟಿದ ಬಿಲ್ಲನ್ನು ಮೇಜಿಗೆ ಬಡಿದರು. "ಓದಿ. 'ಯಾವ ದುರಸ್ತಿಯೂ ಆಗಿಲ್ಲ.' ಅಂಗಡಿಯವರ ಸಹಿ ಇದೆ. ಬೆಲೆ ಇಳಿಸೋಕೆ ಮಾವ ಸೊಸೆ ಸೇರ್ಕೊಂಡು ನಾಟಕ ಆಡ್ತಿದೀರಾ? ಮುಚ್ಚಿದ್ದಾರಂತೆ! ಯಾರ್ರೀ ಮುಚ್ಚಿದ್ದು?"

ಮಾವ ಬಿಲ್ಲಿನ ಮೇಲಿದ್ದ ತನ್ನ ಧಣಿಯ ಸಹಿಯನ್ನು ಬೆರಳಿಂದ ತಟ್ಟಿದ. ಹೆಬ್ಬೆರಳನ್ನು ಟಾರ್ಚಿನ ಬೆಳಕಿಗೆ ಹಿಡಿದು ಆ ತಗ್ಗಿನ ಪಕ್ಕಕ್ಕೆ ತಂದಿಟ್ಟ. ಬೆರಳಲ್ಲೊಂದು ಅಡ್ಡಗೀರು, ವಾರ್ನಿಶ್ಶಿನಲ್ಲೊಂದು ಅಡ್ಡಗೀರು. ವಾದಕರು ಬಗ್ಗಿ ಬೆರಳು ನೋಡಿದರು, ಕತ್ತು ನೋಡಿದರು, ಮತ್ತೆ ಬೆರಳು ನೋಡಿದರು. ತಾವು ಹನ್ನೊಂದು ವರ್ಷ ಹೆಬ್ಬೆರಳೂರಿದ ಜಾಗ ಅದು.

"ಅಂಟು ಹಿಡಿಯುತ್ತಾ?" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಇಷ್ಟು ದಿನ ಹಿಡಿದಿದೆ. ನಾಳೆದು ನನಗೂ ಗೊತ್ತಿಲ್ಲ ಸಾರ್. ಅಂಟಿಗೆ ಕೊಡಬೇಕಾದ ಹೊತ್ತು ನಮ್ಮ ಅಂಗಡೀಲಿ ಕೊಡಲಿಲ್ಲ."

"ನೀವಾ, ನಿಮ್ಮ ಧಣಿಯಾ?"

"ಕೈ ನಂದೇ."

ವಾದಕರು ಬಿಲ್ಲನ್ನು ಮಗುಚಿ, ಪೆನ್ನು ತೆಗೆದು ಅದರ ಮೇಲಿಟ್ಟರು. "ಬರೆದುಕೊಡ್ತೀರಾ?"

"ಮಾವ, ನಿನ್ನ ಕೆಲಸ..." ಎಂದಳು ಹುಡುಗಿ.

ಮಾವ ಬರೆದ. ಎಲ್ಲಿ ಮುರಿಯಿತು, ಯಾರು ಅಂಟಿಸಿದರು, ಯಾರು ಬಚ್ಚಿಡಲು ಹೇಳಿದರು, ಎಷ್ಟು ಗಂಟೆಯಲ್ಲಿ ಬಿಚ್ಚಿಸಿದರು. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದವು. ಒಂದು ಕಡೆ ಪೆನ್ನು ಕಾಗದವನ್ನು ಹರಿದುಹಾಕಿತು. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಹಿಂಬದಿ ಕೋಣೆ ಎಂದೂ ಸೇರಿಸಿದ.

ತಲೆಯೆತ್ತಿದಾಗ ಹುಡುಗಿ ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸುತ್ತಿದ್ದಳು. ಎಡಗೈ ಕತ್ತನ್ನು ತಬ್ಬಿತು. ಹೆಬ್ಬೆರಳು ಹಿಂದೆ ಸರಿದು, ತಡವರಿಸಿ, ಆ ತಗ್ಗಿನಲ್ಲಿ ಕೂತಿತು. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದಳು. ಮೇಜಿನ ಮೇಲೆ ಪೆನ್ನು ಸಣ್ಣಗೆ ನಡುಗತೊಡಗಿತು. ಮೂವರೂ ಕತ್ತಿನ ಬುಡದ ಮೇಲೆಯೇ ಕಣ್ಣಿಟ್ಟು, ಸ್ವರ ಪೂರ್ತಿ ಆರುವವರೆಗೂ ಕದಲದೆ ಇದ್ದರು.