ಕನ್ನಡದ ಅರ್ಧ ಗಂಟೆ

ಭಾಗಿಸಿ ನೋಡಿದರೆ ಕನ್ನಡವೇ ಗೆದ್ದಿತ್ತು. ನವನೀತನ್ ನಂಬಲಾರದೆ ಇನ್ನೊಮ್ಮೆ ಭಾಗಿಸಿದ.

ಎರಡನೇ ಶನಿವಾರ, ಪಂಪ್ ಕಾರ್ಖಾನೆಗೆ ರಜೆ. ಒಂದು ಪಂಪು ತಯಾರಾಗಲು ಎಷ್ಟು ಬೀಳುತ್ತದೆ ಎಂದು ಹೇಳುವುದು ಅಲ್ಲಿ ಅವನ ಕೆಲಸ. ಎರಕಕ್ಕೆ ಇಷ್ಟು, ತಾಮ್ರದ ತಂತಿಗೆ ಇಷ್ಟು, ಬಣ್ಣಕ್ಕೆ ಇಷ್ಟು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನಿಗೆ ರಜೆಯ ದಿನವೂ ಕೈ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಫೋನಿಗೆ ಸಂದೇಶ ಬಂದಿತ್ತು: ಇಂಗ್ಲಿಷು, ತಮಿಳು, ಕ್ರಿಕೆಟ್ಟು ಮೂರೂ ಸೇರಿ ಒಂದೇ ಕುಟುಂಬ ಪ್ಯಾಕ್, ತಿಂಗಳಿಗೆ ನಾನೂರ ನಲವತ್ತೊಂಬತ್ತು, ನಾಲ್ಕು ಪರದೆ, ಇಂದೇ ಕೊನೆ. ಅವನು ಲ್ಯಾಪ್‌ಟಾಪ್ ತೆರೆದು ಕುಳಿತ.

ಮನೆಯಲ್ಲಿ ಟೀವಿ, ಫೋನುಗಳಲ್ಲಿ ನೋಡುವ ನಾಲ್ಕು ಓಟಿಟಿ ಚಂದಾಗಳಿದ್ದವು. ಇಂಗ್ಲಿಷಿನದು ಮಗಳದ್ದು, ತಮಿಳಿನದು ಹೆಂಡತಿಯದು, ಕ್ರಿಕೆಟ್ಟಿನದು ಅವನದು. ಕನ್ನಡದ್ದು ಅಮ್ಮನದು. ಯಾರು ಎಷ್ಟು ಹೊತ್ತು ನೋಡಿದರೆಂದು ಹುಡುಕಿ ತೆಗೆದು, ದುಡ್ಡನ್ನು ಗಂಟೆಗಳಿಂದ ಭಾಗಿಸಿದ. ಇಂಗ್ಲಿಷು ಗಂಟೆಗೆ ಹದಿನಾರು ರೂಪಾಯಿ. ತಮಿಳು ಏಳೂವರೆ. ಅವನ ಕ್ರಿಕೆಟ್ಟು ಮೂವತ್ತು, ಏಕೆಂದರೆ ತಿಂಗಳಲ್ಲಿ ಅವನು ನೋಡಿದ್ದು ನಾಲ್ಕೇ ಗಂಟೆ, ಅದರಲ್ಲೂ ಒಂದು ಗಂಟೆ ಮಳೆ. ಕನ್ನಡ ಮಾತ್ರ ನಾಲ್ಕು ರೂಪಾಯಿಗೂ ಕಡಿಮೆ. ಕಾರಣ ಸರಳ. ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ಕುಳಿತು ನೋಡುತ್ತಿದ್ದದ್ದು ಅದೊಂದನ್ನೇ, ಸಂಜೆ ಏಳರಿಂದ ಏಳೂವರೆ, ಅವನು ಮತ್ತು ಅಮ್ಮ.

ಪ್ಯಾಕಿನಲ್ಲಿ ಕನ್ನಡ ಇರಲಿಲ್ಲ. ಬೇಕಾದರೆ ಬೇರೆ ಕಟ್ಟಬೇಕು. ಅದರ ವರ್ಷವೂ ಇವತ್ತಿಗೇ ಮುಗಿಯುತ್ತಿತ್ತು. ಕಟ್ಟಲು ಅವನಿಗೆ ಈಗ ಅಂಕಿಯ ಬೆಂಬಲ ಸಿಕ್ಕಿತ್ತು. ಅದರಿಂದ ಅವನಿಗೆ ಆದ ಸಂತೋಷ ಲೆಕ್ಕಕ್ಕಿಂತ ಹೆಚ್ಚಿನದಾಗಿತ್ತು. ನಾಲ್ಕು ವರ್ಷದ ಹಿಂದೆ ಜಾತಿ ಸಂಘದ ವಾಟ್ಸಾಪ್ ಗುಂಪಿನಲ್ಲಿ, ಮನೆಮಾತು ಉಳಿಸಿಕೊಳ್ಳಿ ಎಂದು ಯಾರೋ ತಮಿಳು ಲಿಪಿಯಲ್ಲಿ ಬರೆದಿದ್ದನ್ನು ಓದಿ ಅವನು ಈ ಚಂದಾ ಮಾಡಿಸಿದ್ದ. ತಲೆಮಾರುಗಳಿಂದ ತಮಿಳು ಸೀಮೆಯಲ್ಲೇ ನೆಲೆಸಿ, ಮನೆಯೊಳಗಷ್ಟೇ ಕನ್ನಡ ಆಡುವ ಕುಟುಂಬ ಅದು; ಕನ್ನಡ ಅಕ್ಷರ ಅವನಿಗೂ ಬಾರದು. ಧಾರಾವಾಹಿಯನ್ನು ಚಿತ್ರ ನೋಡಿಯೇ ಗುರುತು ಹಿಡಿಯುತ್ತಿದ್ದ.

ಅಡುಗೆಮನೆಯಲ್ಲಿ ವಿಜಯಕುಮಾರಿ ಬೇಳೆ ಡಬ್ಬಿಗೆ ಫೋನನ್ನು ಒರಗಿಸಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ದೋಸೆ ಹುಯ್ಯುತ್ತಿದ್ದಳು. ಇನ್ನೊಂದು ಕಿವಿ ಸಂಸಾರಕ್ಕೆ.

"ಎಲ್ಲಾ ಸೇರ್ಸಿ ಒಂದೇ ಪ್ಯಾಕ್ ಮಾಡ್ಲಾ ಅಂತ."

"ನಿಮ್ ಇಷ್ಟಂಗ."

"ನೀನು ನೋಡೋದಲ್ವಾ, ಅದ್ಕೆ ಕೇಳ್ದೆ."

"ನಾನೆಲ್ಲಿ ನೋಡ್ತೀನಿ. ಅದು ಅದ್ರ ಪಾಟಿಗೆ ಓಡ್ತಾ ಇರ್ತದೆ."

"ತಿಂಗಳಿಗೆ ಇಪ್ಪತ್ತು ಗಂಟೆ ತೋರಿಸ್ತದೆ."

ಅವಳು ಫೋನು ನಿಲ್ಲಿಸಿ ತಿರುಗಿ ನೋಡಿದಳು. "ನಾನು ಎಷ್ಟು ಹೊತ್ತು ನೋಡ್ತೀನಿ ಅಂತ ನೋಡಿದ್ರಾ?"

"ಲೆಕ್ಕಕ್ಕೆ."

"ಓ. ಲೆಕ್ಕಕ್ಕೆ." ದೋಸೆ ಮಗುಚಿದಳು.

ಹೋಗಬಹುದಿತ್ತು. ಹೋಗದೆ ಬಾಗಿಲಿಗೆ ಒರಗಿ ನಿಂತ. "ಒಂದಿನ ಎಲ್ರೂ ಒಟ್ಟಿಗೆ ಕೂತು ನೋಡ್ಬೋದು. ಈ ಪುಟ್ಟ ಫೋನಲ್ಲಲ್ಲ, ಪೆರಿಯ ಟೀವೀಲಿ."

"ಏನನ್ನ?"

ಅದನ್ನು ಅವನು ಯೋಚಿಸಿರಲಿಲ್ಲ. ಅವಳು ಇನ್ನೊಂದು ದೋಸೆ ಹುಯ್ದಳು. ಆಮೇಲೆ ಫೋನಿನಲ್ಲಿ ನಿಂತಿದ್ದವರು ಮತ್ತೆ ಮಾತಾಡತೊಡಗಿದರು.

ಮಗಳು ಅಭಿನಯಾ ಹಾಸಿಗೆಯ ಮೇಲೆ ಮಂಡಿ ಮಡಚಿ ಕುಳಿತಿದ್ದಳು. ಎಂಜಿನಿಯರಿಂಗ್ ಎರಡನೇ ವರ್ಷ. ಪ್ಯಾಕಿನ ವಿಷಯ ಅವಳಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು.

"ನಾಲ್ಕು ಜನ ಒಂದೇ ಟೈಮಲ್ಲಿ ಬೇರೆ ಬೇರೆ ನೋಡ್ಬೋದಾಪ್ಪಾ?"

"ನೋಡ್ಬೋದು."

"ಸೂಪರ್. ಅದೇ ತಗೊಳ್ಳಿ." ಸ್ವಲ್ಪ ತಡೆದು ಹೇಳಿದಳು, "ಅಪ್ಪಾ, ಬೈಬೇಡಿ. ನಿಮ್ ಪ್ರೊಫೈಲನ್ನ ನಿತ್ಯಾಗೆ ಕೊಟ್ಬಿಟ್ಟೆ. ನನ್ ಫ್ರೆಂಡು."

"ನಂದನ್ನಾ? ಯಾವಾಗ?"

"ಆಯ್ತು ಒಂದು ವರ್ಷ. ನೀವು ಅದರಲ್ಲಿ ಏನೂ ನೋಡೇ ಇರ್ಲಿಲ್ಲ. ಎಂಪ್ಟಿ ಇತ್ತು."

ಅವನು ನಕ್ಕ. ನಗಬೇಕಾದ ಜಾಗ ಅದು ಎಂದು ತೋರಿತು. ಹಜಾರಕ್ಕೆ ಬಂದು ಟೀವಿಯಲ್ಲಿ ಇಂಗ್ಲಿಷಿನದನ್ನು ಹಾಕಿ ನೋಡಿದರೆ ನಿಜವೇ. 'ಯಾರು ನೋಡುತ್ತಿದ್ದೀರಿ?' ಎಂದು ಕೇಳುವ ಪರದೆಯಲ್ಲಿ ಅವನ ಹೆಸರಿದ್ದ ಕಡೆ ನಿತ್ಯಾ ಎಂದಿತ್ತು, ಮೇಲೊಂದು ಬೆಕ್ಕಿನ ಮುಖ. ಒಂದು ವರ್ಷದಿಂದ ಅವನು ಅದನ್ನು ಗಮನಿಸಿರಲಿಲ್ಲ. ಕಿರಿಕಿರಿಯಾಯಿತು, ಆದರೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಟೀವಿ ಆರಿಸಿದ. ಪರವಾಗಿಲ್ಲ, ಕನ್ನಡ ಇದೆಯಲ್ಲ ಎಂದುಕೊಂಡ.

ಅಮ್ಮ ಸರಸ್ವತಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಸಿಂಗಾನಲ್ಲೂರಿನ ನೂಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಯಂತ್ರಗಳ ಸದ್ದು ಅವಳ ಕಿವಿಯನ್ನು ಅದಕ್ಕೂ ಮೊದಲೇ ಮುಚ್ಚಿಸಿತ್ತು. ಅಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ, ಕೂಗಿದರೂ ಕೇಳುತ್ತಿರಲಿಲ್ಲ. ಆ ಹೆಂಗಸರು ಒಬ್ಬರ ಬಾಯನ್ನೊಬ್ಬರು ನೋಡಿ, ಬರಿಯ ತುಟಿಯಲ್ಲಿ ಮಾತಾಡುತ್ತಿದ್ದರು. ಮಕ್ಕಳ ಜ್ವರ, ಮೇಸ್ತ್ರಿಯ ಚೇಷ್ಟೆ, ಹೆರಿಗೆ, ಸಾವು, ಎಲ್ಲ ಸದ್ದಿಲ್ಲದೆ. ಈಗ ಕಿವಿಗೆ ಯಂತ್ರ ಹಾಕಿಸಿದ್ದಾಯಿತು. ಆದರೂ ಅಮ್ಮನೊಡನೆ ಮಾತಾಡಬೇಕಾದರೆ ಎದುರಿಗೇ ಕೂರಬೇಕು.

ಅವನು ಎದುರಿಗೆ ಕುಳಿತ. "ಅಮ್ಮಾ, ಕನ್ನಡದ ಚಂದಾ ಪಣ ಕಟ್ತಾ ಇದ್ದೀನಿ. ಇನ್ನೊಂದು ವರ್ಷಕ್ಕೆ."

ಅಮ್ಮ ಅವನ ಬಾಯಿ ನೋಡಿದಳು. "ಎಷ್ಟು ಸಾಮಿ?"

"ಸಾವಿರದ ಇನ್ನೂರು."

"ನಿಂಗೆ ಅಷ್ಟು ಇಷ್ಟ ಇದ್ರೆ ಕಟ್ಕೋ."

"ನಂಗಲ್ಲಮ್ಮ. ನಿಂಗೆ."

ಸೊಪ್ಪಿನ ಕಡ್ಡಿ ಅವಳ ಕೈಯಲ್ಲೇ ನಿಂತಿತು. "ನಂಗಾ? ನಂಗ್ಯಾತಕ್ಕೆ? ಆ ಬೆಂಗಳೂರ್ನೋರ ಮಾತು ನಂಗೆ ಒಂದೂ ಪುರಿಯಲ್ಲ. ನಮ್ ಮಾತಾ ಅದು? ಅವ್ರ ಬಾಯೂ ನಂಗೆ ಸಿಕ್ಕಲ್ಲ, ಬೇಗ ಬೇಗ ಹೋಗ್ತದೆ."

"ಮತ್ತೆ ದಿನಾ ನೋಡ್ತೀಯಲ್ಲ?"

"ನೀನು ನೋಡ್ತೀಯ ಅಂತ. ಆಪೀಸಿಂದ ಬಂದಂಗೇ ಬಂದು ಕೂತ್ಕೋತೀಯ. ಮಗ ಇಷ್ಟು ಆಸೆಯಾಗಿ ನೋಡ್ತಾನೆ, ನಾನೆದ್ದು ಹೋದ್ರೆ ಚೆನ್ನಾಗಿರ್ತದಾ ಅಂತ ಕೂತ್ಕೋತೀನಿ."

ಆ ಧಾರಾವಾಹಿಯ ಸೊಸೆಯನ್ನು ಕಂಡರೆ ಅವನಿಗೆ ಮೊದಲ ವಾರದಿಂದಲೇ ಮೈ ಉರಿಯುತ್ತಿತ್ತು.

"ಆವಾಗ ಕಿವಿ ಮಿಷಿನ್ನೂ ತೆಗೆದು ಡಬ್ಬೀಲಿ ಇಟ್ಬಿಡ್ತೀನಿ," ಎಂದಳು ಅಮ್ಮ, ಒಳ್ಳೆಯ ಸುದ್ದಿ ಹೇಳುವವಳ ಹಾಗೆ. "ಬ್ಯಾಟ್ರಿ ಮಿಚ್ಚ ಆಗ್ಲಿ, ಸುಮ್ನೆ ತೀರೋದ್ ಬ್ಯಾಡ ಅಂತ. ಆರು ಬ್ಯಾಟ್ರಿ ಇರೋ ಒಂದು ಅಟ್ಟೆಗೆ ಎಷ್ಟು ಬೀಳ್ತದೆ ಅಂತ ನೀನೇ ಹೇಳಿದ್ದಲ್ಲ."

ಹೇಳಿದ್ದ. ದಿನಕ್ಕೆ ಎಷ್ಟಾಗುತ್ತದೆ ಎಂದೂ ಭಾಗಿಸಿ ಹೇಳಿದ್ದ.

"ನಿಲ್ಸಿದ್ರೆ ನೀನೇನು ಮಾಡ್ತೀಯ ಏಳು ಗಂಟೆಗೆ?"

"ಸಾಂತಿ ಮನೆ ಮುಂದ್ಲ ತಿಣ್ಣೆಗೆ ಹೋಗ್ತೀನಿ." ಸಾಂತಿ ನಾಲ್ಕು ಮನೆ ಆಚೆಯವಳು, ಅಮ್ಮನ ಜೊತೆ ಗಿರಣಿಯಲ್ಲಿದ್ದವಳು. "ನಮ್ ಸೆಕ್ಷನ್ ಹೆಂಗಸ್ರು ದಿನಾ ಸೇರ್ತಾರೆ ಅಲ್ಲಿ. ನಾಲ್ಕು ವರ್ಷದಿಂದ ಕರೀತಾನೇ ಇದ್ದಾಳೆ. ಮಗನ್ ಜೊತೆ ಕೂತ್ಕೋಬೇಕು, ಬರಕ್ಕಾಗಲ್ಲ ಅಂತೀನಿ."

ಅವಳ ಮುಖದಲ್ಲಿ ದೂರು ಇರಲಿಲ್ಲ, ಅದೇ ಕಷ್ಟವಾಗಿತ್ತು. ದೂರಿದ್ದರೆ ಅವನು ಸಮಾಧಾನ ಹೇಳಬಹುದಿತ್ತು.

"ಸರಿ ಬಿಡು," ಎಂದ. "ನಿಲ್ಸಿಬಿಡ್ತೀನಿ."

"ನಿಂಗೆ ಬೇಕಾದ್ರೆ..."

"ನಂಗೇನಿಲ್ಲ."

ಅಮ್ಮ ಅವನ ಬಾಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಮತ್ತೇನೂ ಬರುವುದಿಲ್ಲವೆಂದು ಖಚಿತವಾದ ಮೇಲೆ ಸೊಪ್ಪಿಗೆ ತಿರುಗಿದಳು.

ಊಟವಾದ ಮೇಲೆ ಅವನು ಹೊರಗೆ ಹೋದ. ಬಸ್ ನಿಲ್ದಾಣದ ಎದುರು ಟೀ ಕುಡಿದ. ಕೆರೆಯ ಏರಿಯವರೆಗೆ ನಡೆದು, ಅಲ್ಲಿ ಮಾಡುವುದೇನೂ ಇಲ್ಲದೆ ನಿಂತ. ನಾಲ್ಕು ವರ್ಷದಲ್ಲಿ ಎಷ್ಟು ಸಂಜೆಗಳಾದವು ಎಂದು ಮನಸ್ಸು ತಾನಾಗಿ ಎಣಿಸಲು ಹೊರಟಿತು, ಬೈದು ನಿಲ್ಲಿಸಿದ. ಕಾರ್ಖಾನೆಯಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಒಂದು ಬಿಡಿಭಾಗವನ್ನು ಈ ವಿಭಾಗ ಆ ವಿಭಾಗಕ್ಕೆ ಬೇಕೆಂದು ಮಾಡುತ್ತಲೇ ಇರುತ್ತದೆ, ಆ ವಿಭಾಗ ಇವರು ಕಳಿಸುತ್ತಾರೆಂದು ತೆಗೆದಿಡುತ್ತಲೇ ಇರುತ್ತದೆ. ಯಾವ ಪಂಪಿಗೂ ಅದು ಬೇಕಿರುವುದಿಲ್ಲ. ಅಂಥದ್ದನ್ನು ಹುಡುಕಿ ನಿಲ್ಲಿಸಿದ್ದಕ್ಕೆ ಅವನಿಗೆ ಒಮ್ಮೆ ಶಾಲು ಹೊದಿಸಿದ್ದರು.

ಆದರೆ ಅವನಿಗೆ ಅದು ಬೇಕಿತ್ತು. ಧಾರಾವಾಹಿಯಲ್ಲ. ದಿನದಲ್ಲಿ ಅರ್ಧ ಗಂಟೆ ತನ್ನ ಪಕ್ಕದಲ್ಲಿ ಒಬ್ಬರು ಕುಳಿತಿರುವುದು ಬೇಕಿತ್ತು. ಉಳಿದ ಇಪ್ಪತ್ತಮೂರೂವರೆ ಗಂಟೆಯೂ ಅವನು ಆ ಮನೆಯಲ್ಲಿ ಯಾರ ಜೊತೆಗೂ ಇರಲಿಲ್ಲ. ಇದನ್ನು ಅಮ್ಮನಿಗೆ ಹೇಳಿದರೆ ಆಯಿತು. ಎದುರಿಗೆ ಕುಳಿತು, ಮುಖ ತೋರಿಸಿ, ಒಂದೇ ಮಾತು. ಹೇಳಿದರೆ ಅವಳು ಖಂಡಿತ ಕೂರುತ್ತಾಳೆ, ಸಾಯುವ ತನಕ ಕೂರುತ್ತಾಳೆ. ಹಾಗೆಂದು ಗೊತ್ತಿದ್ದರಿಂದಲೇ ಹೇಳುವುದು ಸಾಧ್ಯವಿರಲಿಲ್ಲ. ಅಲ್ಲೇ ನಿಂತು ಫೋನು ತೆಗೆದು ಕುಟುಂಬ ಪ್ಯಾಕಿಗೆ ದುಡ್ಡು ಕಟ್ಟಿದ. ಕನ್ನಡದ್ದನ್ನು ಕಟ್ಟಲಿಲ್ಲ. ಅಭಿನಂದನೆ ಎಂದು ಸಂದೇಶ ಬಂತು.

ಏಳಕ್ಕೆ ಐದು ನಿಮಿಷವಿದ್ದಾಗ ಅಮ್ಮ ಮುಖ ತೊಳೆದು ಬಂದು ತನ್ನ ಜಾಗದಲ್ಲಿ ಕುಳಿತಳು.

"ಇವತ್ತು ಕಡೇ ದಿನ ಅಲ್ವಾ, ನೋಡ್ಬಿಡು," ಎಂದಳು.

ಅವನು ಪಕ್ಕದಲ್ಲಿ ಕುಳಿತು ಧಾರಾವಾಹಿ ಹಾಕಿದ. ಅಮ್ಮ ಕಿವಿಯ ಯಂತ್ರ ತೆಗೆದು ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಆ ಟಕ್ಕೆಂಬ ಸದ್ದನ್ನು ಅವನು ನಾಲ್ಕು ವರ್ಷದಿಂದ ಕೇಳುತ್ತಿದ್ದ, ಎಲೆ ಅಡಿಕೆ ಡಬ್ಬಿ ಎಂದುಕೊಂಡಿದ್ದ. ಒಳಗಿನ ಕೋಣೆಯಲ್ಲಿ ಮಗಳು, ಅಡುಗೆಮನೆಯಲ್ಲಿ ಹೆಂಡತಿ, ಇಬ್ಬರೂ ಹೊಸ ಪ್ಯಾಕಿನಲ್ಲಿದ್ದರು.

ಪರದೆಯ ಮೇಲೆ ಸೊಸೆ ಅತ್ತಳು. ಅವನು ರಿಮೋಟ್ ಒತ್ತಿ ಸದ್ದು ನಿಲ್ಲಿಸಿದ. ಅಮ್ಮನಿಗೆ ಏನೂ ವ್ಯತ್ಯಾಸವಾಗಲಿಲ್ಲ. ಟೀವಿಯನ್ನೇ ನೋಡುತ್ತ ಅವನು ಹೇಳಿದ:

"ಅಮ್ಮಾ, ನಂಗೂ ಇದು ಬ್ಯಾಡ. ನೀನು ಇಲ್ಲಿ ಕೂತ್ಕೋ, ಅಷ್ಟೇ."

ಧ್ವನಿ ಗಟ್ಟಿಯಾಗಿಯೇ ಬಂದಿತ್ತು. ಆಮೇಲೆ ತಿರುಗಿ ನೋಡಿದ.

ಅಮ್ಮ ಟೀವಿ ನೋಡುತ್ತಿರಲಿಲ್ಲ. ಕಿಟಕಿಯ ಕಂಬಿಗಳ ಆಚೆ, ಬೀದಿದೀಪದ ಕೆಳಗೆ ಸಾಂತಿ ನಿಂತಿದ್ದಳು. ಇಬ್ಬರ ತುಟಿಗಳೂ ಆಡುತ್ತಿದ್ದವು. ಸಾಂತಿ ಏನೋ ಕೇಳಿದಳು, ಅಮ್ಮ ಉತ್ತರಿಸಿದಳು. ಸಾಂತಿ ಒಮ್ಮೆ ಅವನ ಕಡೆ ನೋಡಿ ಇನ್ನೇನೋ ಅಂದಳು, ಅದಕ್ಕೆ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಮ್ಮನ ಮುಖ ಅಷ್ಟು ಬೇಗ ಬೇಗ ಬದಲಾಗುವುದನ್ನು ಅವನು ಕಂಡಿರಲಿಲ್ಲ. ಕಿವಿ ಸರಿಯಿದ್ದದ್ದು ಆ ಮೂವರಲ್ಲಿ ಅವನೊಬ್ಬನಿಗೇ, ಅವನಿಗೆ ಏನೂ ಕೇಳಿಸಲಿಲ್ಲ.

"ಸಾಂತಿ ಕರೀತಾಳೆ," ಅಮ್ಮ ಅವನ ಮೊಣಕಾಲು ತಟ್ಟಿದಳು. "ಇನ್ನೇನು ಮುಗೀತಲ್ಲ. ಹೋಗ್ಬರ್ಲಾ ಸಾಮಿ?"

ಅವನು ಅವಳ ಕಡೆಗೆ ಮುಖ ತಿರುಗಿಸಿ, ಸ್ಪಷ್ಟವಾಗಿ, ಹೋಗು ಎಂದ.

ಅವಳು ಹೋದಳು. ಡಬ್ಬಿ ಸೋಫಾದ ಮೇಲೆಯೇ ಉಳಿಯಿತು. ಸಾಂತಿಯ ತಿಣ್ಣೆಯಲ್ಲಿ ಅದು ಬೇಕಿರಲಿಲ್ಲ.

ಧಾರಾವಾಹಿ ಮುಗಿಯಿತು. ಮುಂದಿನದು ತಾನಾಗಿ ಶುರುವಾಗುವ ಮೊದಲು ಪರದೆ ಕೆಲವು ಕ್ಷಣ ಪೂರ್ತಿ ಕಪ್ಪಾಯಿತು. ಗಾಜಿನಲ್ಲಿ ಸೋಫಾ ಕಂಡಿತು, ಅದರ ಒಂದು ಕೊನೆಯಲ್ಲಿ ಒಬ್ಬ ಮನುಷ್ಯ ಕಂಡ. ಆ ಮನುಷ್ಯನ ಬಾಯಿ ಸದ್ದಿಲ್ಲದೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನವನೀತನ್ ಮುಂದಕ್ಕೆ ಬಾಗಿ ನೋಡಿದ. ಆ ಬಾಯಿ ಏನು ಹೇಳುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ.